127 ಹಲ್ಲಿನ ಗೇರು

34 ವರ್ಷಗಳ ಕಾಲ ಪ್ರೌಢಶಾಲೆಯಲ್ಲಿ ಗಣಿತ ಬೋಧಿಸಿದ ನಾನು ಅವಿಭಾಜ್ಯ ಸಂಖ್ಯೆಗಳ ಪಾಠವನ್ನು ಎಷ್ಟು ಸಲ ಮಾಡಿದೆನೋ ಲೆಕ್ಕವಿಲ್ಲ. "ಇವುಗಳಿಂದ ಏನು ಉಪಯೋಗ ಸಾರ್?" ಎಂದು ಪ್ರತಿ ವರ್ಷವೂ ಒಬ್ಬನಾದರೂ ಕೇಳುತ್ತಿದ್ದ. ಮುಂದೆ ತಿಳಿಯುತ್ತದೆ, ಕುಳಿತುಕೋ ಎಂದು ಹೇಳಿ ಮುಂದಿನ ಲೆಕ್ಕಕ್ಕೆ ಹೋಗಿಬಿಡುತ್ತಿದ್ದೆ. ನನಗೇ ತಿಳಿದದ್ದು ನಿವೃತ್ತನಾದ ಮೇಲೆ, ಮನೆಯ ಹಿತ್ತಲಿನ ಶೆಡ್ಡಿನಲ್ಲಿ, ಮೊಣಕೈವರೆಗೆ ಎಣ್ಣೆಯ ಮಸಿ ಮೆತ್ತಿಕೊಂಡಿದ್ದಾಗ.

ದಾವಣಗೆರೆಯಲ್ಲಿ ಪರಿಚಿತರೊಬ್ಬರು ತಮ್ಮ ಹಳೆಯ ವರ್ಕ್‌ಶಾಪನ್ನು ಮುಚ್ಚುತ್ತಿದ್ದರು. ನಾನು ಅಲ್ಲಿಗೆ ಹೋದದ್ದು ಬೇರೆ ಕೆಲಸಕ್ಕೆ. ಅಂಗಳದಲ್ಲಿ ಒಂದು ಲೇತು ನಿಂತಿತ್ತು; ಗುಜರಿ ವ್ಯಾಪಾರಿ ಅದನ್ನು ಬಿಚ್ಚಲು ಸುತ್ತಿಗೆ ಹಿಡಿದು ಬಂದಿದ್ದ. ಹೆಸರಿನ ಫಲಕ ಯಾವಾಗಲೋ ಕಳಚಿಹೋಗಿತ್ತು. ಅವನು ಹೇಳಿದ ಕಿಲೋ ದರವನ್ನೇ ನಾನೂ ಕೊಟ್ಟು ಅದನ್ನು ಮನೆಗೆ ತಂದೆ. ಮನೆಯಾಕೆಗೆ ಏನು ಉತ್ತರ ಹೇಳಿದೆನೆಂಬುದನ್ನು ಇಲ್ಲಿ ಬರೆಯುವುದು ಬೇಡ.

ಏಕೆ ತಂದೆನೆಂದು ಕೇಳಿದರೆ, ನನ್ನ ದೊಡ್ಡಪ್ಪ ಇದೇ ಊರಿನ ಒಂದು ಹತ್ತಿ ಗಿರಣಿಯ ವರ್ಕ್‌ಶಾಪಿನಲ್ಲಿ ಟರ್ನರ್ ಆಗಿದ್ದರು. ಬುತ್ತಿ ಕೊಡಲು ಹೋಗುತ್ತಿದ್ದ ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದುದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಮೇಲೆ ಸೂರಿನ ಕೆಳಗೆ ಕಟ್ಟಡದ ಉದ್ದಕ್ಕೂ ತಿರುಗುವ ಒಂದೇ ಒಂದು ಉಕ್ಕಿನ ದಂಡ, ಅದೇ ಲೈನ್ ಶಾಫ್ಟ್. ಅದರಿಂದ ಪ್ರತಿ ಯಂತ್ರಕ್ಕೂ ಚರ್ಮದ ಪಟ್ಟಾಗಳು ಇಳಿದಿರುತ್ತಿದ್ದವು. ಒಂದು ಯಂತ್ರಕ್ಕೆ ಎರಡು ಪಟ್ಟಾ: ಒಂದು ನೇರ, ಮತ್ತೊಂದು ಎಂಟರ ಆಕಾರದಲ್ಲಿ ಅಡ್ಡ ಹಾಕಿದ್ದು. ನೇರ ಪಟ್ಟಾ ಹಿಡಿದರೆ ಲೇತು ಮುಂದಕ್ಕೆ, ಅಡ್ಡ ಪಟ್ಟಾ ಹಿಡಿದರೆ ಹಿಂದಕ್ಕೆ. ಆ ಅಡ್ಡ ಪಟ್ಟಾದ ಮಹತ್ವ ತಿಳಿಯಲು ನನಗೆ 50 ವರ್ಷ ಬೇಕಾಯಿತು. ಆ ಮಾತು ಮುಂದೆ ಬರುತ್ತದೆ.

ಲೇತು ನಮ್ಮ ಸೀಮೆಗೆ ಹೊಸದಲ್ಲ. ಇಲ್ಲಿಂದ ಸುಮಾರು 14 ಕಿ.ಮೀ. ದೂರದ ಹರಿಹರದಲ್ಲಿ ತುಂಗಭದ್ರೆಯ ದಡಕ್ಕೆ ಹರಿಹರೇಶ್ವರ ದೇವಾಲಯವಿದೆ. ಹೊಯ್ಸಳ ಇಮ್ಮಡಿ ನರಸಿಂಹನ ಮಂತ್ರಿ ಪೋಲಾಳ್ವ 1224ರ ಸುಮಾರಿಗೆ ಕಟ್ಟಿಸಿದ್ದು. ಅದರ ಮಂಟಪದ ಕಂಬಗಳು ಕಡೆದ ಕಂಬಗಳು. ಕಲ್ಲನ್ನು ತಿರುಗಿಸಿ ಉಳಿ ಹಿಡಿದು ಮಾಡಿದ ಬಳೆಗಳಂಥ ಸುತ್ತುಗಳ ಮೇಲೆ ಬೆರಳಾಡಿಸಿದರೆ ಎಲ್ಲಿಯೂ ತಡೆಯುವುದಿಲ್ಲ. ಅದೇ ಹರಿಹರದಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಆರಂಭವಾಗಿ ಲೋಹದ ಲೇತುಗಳನ್ನು ದೇಶಕ್ಕೆಲ್ಲ ಕಳುಹಿಸಿತು. 1953ರಲ್ಲಿ ಬೆಂಗಳೂರಿನಲ್ಲಿ ಎಚ್.ಎಂ.ಟಿ. ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪನಿಯ ಸಹಯೋಗದಲ್ಲಿ ಹುಟ್ಟಿ ಲೇತುಗಳನ್ನೇ ಮೊದಲು ತಯಾರಿಸಿತು. ಹರಿಹರದ ಕಾರ್ಖಾನೆ ಈ ಶತಮಾನದ ಆರಂಭದ ವರ್ಷಗಳಲ್ಲಿ ಮುಚ್ಚಿತು. ಅಲ್ಲಿ ಕೈ ಪಳಗಿಸಿಕೊಂಡವರು ಸುತ್ತಮುತ್ತಲ ಊರುಗಳಲ್ಲಿ ಇನ್ನೂ ಇದ್ದಾರೆ. ನನ್ನ ಲೇತನ್ನು ನೋಡಲು ಬಂದ 80 ದಾಟಿದ ಮೇಸ್ತ್ರಿಯೊಬ್ಬರು ಬೆಡ್ಡಿನ ಎರಕವನ್ನು ತಟ್ಟಿ, "ಇದು ಹರಿಹರದ್ದೇ ಮೇಷ್ಟ್ರೇ" ಎಂದರು. ಫಲಕವಿಲ್ಲದ್ದರಿಂದ ನಾನು ಒಪ್ಪಲೂ ಇಲ್ಲ, ಅಲ್ಲಗಳೆಯಲೂ ಇಲ್ಲ.

ಕಲ್ಲಿನ ಕಂಬ ಕಡೆಯುವುದಕ್ಕೂ ಲೋಹದ ತಿರುಪು ಕಡೆಯುವುದಕ್ಕೂ ಇರುವ ವ್ಯತ್ಯಾಸ ದೊಡ್ಡದು. ಮೊದಲನೆಯದರಲ್ಲಿ ಉಳಿ ಇರುವುದು ಮನುಷ್ಯನ ಕೈಯಲ್ಲಿ. ಎರಡನೆಯದರಲ್ಲಿ ಉಳಿಯನ್ನು ಯಂತ್ರವೇ ಹಿಡಿದಿರುತ್ತದೆ. ಫ್ರಾನ್ಸಿನ ವೋಕಾನ್ಸನ್, ಇಂಗ್ಲೆಂಡಿನ ರ‍್ಯಾಮ್ಸ್‌ಡೆನ್ ಮೊದಲಾದವರು 18ನೆಯ ಶತಮಾನದಲ್ಲೇ ಈ ದಾರಿಯಲ್ಲಿ ನಡೆದಿದ್ದರು. ಅದನ್ನು ವರ್ಕ್‌ಶಾಪಿನ ನಿತ್ಯದ ಕೆಲಸಕ್ಕೆ ಒಗ್ಗಿಸಿದ ಕೀರ್ತಿ ಹೆನ್ರಿ ಮಾಡ್‌ಸ್ಲೆಗೆ (1771-1831) ಸಲ್ಲಬೇಕು. ಬೀಗ ತಯಾರಕ ಬ್ರಾಮಾನ ಬಳಿ ದುಡಿಯುತ್ತಿದ್ದ ಆತ ಸಂಬಳ ಹೆಚ್ಚಿಸಲಿಲ್ಲವೆಂದು 1797ರಲ್ಲಿ ಹೊರಬಂದು ಸ್ವಂತ ಅಂಗಡಿ ಇಟ್ಟ. 1800ರ ಸುಮಾರಿನ ಅವನ ಲೇತಿನಲ್ಲಿ, ತಿರುಗುವ ಕೆಲಸಕ್ಕೂ ಉಳಿಯನ್ನು ಎಳೆಯುವ ಉದ್ದನೆಯ ಲೀಡ್ ಸ್ಕ್ರೂಗೂ ನಡುವೆ ಗೇರುಗಳ ಸಂಬಂಧವಿತ್ತು. ಗೇರು ಬದಲಿಸಿದರೆ ತಿರುಪಿನ ಸುತ್ತುಗಳ ಅಂತರ ಬದಲಾಗುತ್ತದೆ. ಕೈಚಳಕವಾಗಿದ್ದದ್ದು ಭಿನ್ನರಾಶಿಯಾಯಿತು ಎಂದು ಗಣಿತದ ಮೇಷ್ಟ್ರಾದ ನಾನು ಹೇಳಬಯಸುತ್ತೇನೆ. ಅವನ ಬಳಿ ಕೆಲಸ ಮಾಡಿದ ಜೋಸೆಫ್ ವಿಟ್‌ವರ್ತ್ 1841ರಲ್ಲಿ ತಿರುಪುಗಳಿಗೆ ಒಂದು ಅಳತೆಯ ಕ್ರಮ ಸೂಚಿಸಿದ: ಇಂಚಿಗೆ ಇಷ್ಟು ಸುತ್ತು, 55 ಡಿಗ್ರಿ ಕೋನ. ನಮ್ಮ ಗಿರಣಿಗಳಿಗೂ ರೈಲುಗಳಿಗೂ ಬಂದದ್ದು ಆ ಇಂಚೇ.

ಈಗ ನನ್ನ ಲೇತಿಗೆ ಬರೋಣ. ಅದರ ಲೀಡ್ ಸ್ಕ್ರೂವಿನಲ್ಲಿ ಇಂಚಿಗೆ 4 ಸುತ್ತು. ಎಂದರೆ ಒಂದು ಸುತ್ತಿಗೆ 6.35 ಮಿ.ಮೀ. ಭಾರತವಾದರೋ 1956ರ ಕಾಯಿದೆಯ ಮೂಲಕ ಮೆಟ್ರಿಕ್ ಪದ್ಧತಿಗೆ ಬಂದಾಗಿದೆ. ಇಂದು ಅಂಗಡಿಯಲ್ಲಿ ಸಿಗುವ 10 ಮಿ.ಮೀ. ಬೋಲ್ಟಿನ ಸುತ್ತುಗಳ ಅಂತರ 1.5 ಮಿ.ಮೀ. ಇಂಚಿನ ಲೇತಿನಲ್ಲಿ ಅದನ್ನು ಕಡೆಯಬೇಕಾದರೆ ಗೇರುಗಳ ಅನುಪಾತ 1.5 ಭಾಗಿಸು 6.35 ಆಗಬೇಕು. ಸಂಕ್ಷೇಪಿಸಿದರೆ 30/127. ಇನ್ನು ಮುಂದೆ ಸಂಕ್ಷೇಪಿಸಲಾಗದು, 127 ಅವಿಭಾಜ್ಯ. ಒಂದು ಇಂಚು 25.4 ಮಿ.ಮೀ., ಅದನ್ನು ಐದರಿಂದ ಗುಣಿಸಿದರೆ 127. ಆದ್ದರಿಂದ ಇಂಚಿಗೂ ಮಿಲಿಮೀಟರಿಗೂ ನಡುವೆ ನಿಖರವಾಗಿ ದಾಟಬೇಕಾದರೆ 127 ಹಲ್ಲಿನ (ಅಥವಾ ಅದರ ಗುಣಕದ) ಗೇರೊಂದು ಬೇಕೇ ಬೇಕು. ಪ್ರತಿ ವರ್ಷ ಎದ್ದು ನಿಂತು ಪ್ರಶ್ನೆ ಕೇಳಿದ ಆ ಹುಡುಗರೆಲ್ಲ ಈಗ ಎಲ್ಲಿದ್ದಾರೋ!

ಲೇತಿನ ಜೊತೆ ಬಂದ ಡಬ್ಬದಲ್ಲಿ ಗೇರುಗಳಿದ್ದವು: 20, 25, 30 ಹೀಗೆ ಐದೈದರ ಮೆಟ್ಟಿಲಿನಲ್ಲಿ 100ರವರೆಗೆ. 127 ಇರಲಿಲ್ಲ. ಅದರ ಬದಲು ಯಾವ ಸಾಲಿಗೂ ಸೇರದ 63 ಹಲ್ಲಿನ ಒಂದು ಒಂಟಿ ಗೇರಿತ್ತು. ಬೇರೆ ಯಂತ್ರದ್ದಿರಬೇಕೆಂದು ಅದನ್ನು ಕಿಟಕಿಯ ಮೇಲಿಟ್ಟಿದ್ದೆ.

ಮೇಸ್ತ್ರಿಗಳು ಅದನ್ನು ನೋಡಿ ನಕ್ಕರು. "ನೂರಿಪ್ಪತ್ತೇಳು ದೊಡ್ಡದು ಮೇಷ್ಟ್ರೇ, ಗುಜರಿಯವನ ಕಣ್ಣಿಗೆ ಅದೇ ಮೊದಲು ಬಿದ್ದಿರುತ್ತೆ. ಈ ಅರವತ್ಮೂರಕ್ಕೆ ಎಂಬತ್ತು ಜೋಡಿಸಿ, ನಡೆಯುತ್ತೆ."

"ಹೇಗೆ ನಡೆಯುತ್ತೆ ಮೇಸ್ತ್ರಿಗಳೇ?"

"ಅದು ನಿಮ್ಮ ಲೆಕ್ಕ. ನಾವು ನಟ್ಟು ಹಾಕಿ ನೋಡ್ತಿದ್ವಿ."

ಅಂದು ರಾತ್ರಿ ಲೆಕ್ಕ ಮಾಡಿದೆ. 1.27ನ್ನು 63ರಿಂದ ಗುಣಿಸಿದರೆ 80.01. ಎಂದರೆ 80/63 ಎಂಬುದು 127/100ಕ್ಕೆ ಅತಿ ಸಮೀಪ. ವ್ಯತ್ಯಾಸ 8000ದಲ್ಲಿ ಒಂದು ಪಾಲು. ಒಂದು ಮೀಟರ್ ಉದ್ದದ ತಿರುಪು ಕಡೆದರೂ ತಪ್ಪು 0.125 ಮಿ.ಮೀ. ಮಾತ್ರ. ಬೋಲ್ಟಿಗೆ ಅದು ಲೆಕ್ಕಕ್ಕೇ ಇಲ್ಲ. ನಾನು ಬಲ್ಲ ಸಂಖ್ಯೆಯನ್ನು ಅವರು ಬಲ್ಲವರಲ್ಲ. ಅವರು ಬಲ್ಲ ಗೇರನ್ನು ನಾನು ಕಿಟಕಿಯ ಮೇಲಿಟ್ಟಿದ್ದೆ.

ಹಳೆಯ ಲೇತಿನ ಜೀರ್ಣೋದ್ಧಾರವೆಂದರೆ ಬಣ್ಣ ಬಳಿಯುವುದು ಎಂದು ತಿಳಿದವರೇ ಹೆಚ್ಚು. ನಾನೂ ಅವರಲ್ಲೊಬ್ಬನಾಗಿದ್ದೆ. ಸೀಮೆಎಣ್ಣೆ ಈಗ ಸಿಗುವುದು ಕಷ್ಟ, ಡೀಸೆಲ್ಲಿನಲ್ಲೇ ತೊಳೆದೆ. ತುಕ್ಕಿನಡಿಯಿಂದ ಬೆಡ್ಡು ಹೊರಬಂದಾಗ ನಿಜವಾದ ರೋಗ ಕಂಡಿತು. ಕೆಲಸವೆಲ್ಲ ಚಕ್ಕಿನ ಬಳಿಯೇ ನಡೆಯುವುದರಿಂದ ಬೆಡ್ಡು ಅಲ್ಲಿ ಸವೆದು ತಗ್ಗಾಗಿರುತ್ತದೆ. ಆಚೆ ತುದಿ ಮಾತ್ರ ಹೊಸದರಂತೆ ಇರುತ್ತದೆ. ಇದನ್ನು ಸರಿಪಡಿಸುವ ಹಳೆಯ ದಾರಿ ಕೈಯಿಂದ ಕೆರೆಯುವುದು. ಸಮತಟ್ಟಾದ ಪಟ್ಟಿಗೆ ನೀಲಿ ಬಣ್ಣ ತೆಳುವಾಗಿ ಹಚ್ಚಿ ಬೆಡ್ಡಿನ ಮೇಲಾಡಿಸಿದರೆ ಉಬ್ಬಿದ ಜಾಗಕ್ಕೆ ನೀಲಿ ಅಂಟುತ್ತದೆ, ಅದನ್ನಷ್ಟೇ ಕೆರೆಯಬೇಕು; ಮತ್ತೆ ಹಚ್ಚಬೇಕು, ಮತ್ತೆ ಕೆರೆಯಬೇಕು. ಆ ಪಟ್ಟಿಯೇ ಸಮತಟ್ಟಾಗಿದೆಯೆಂದು ತಿಳಿಯುವುದು ಹೇಗೆ? ವಿಟ್‌ವರ್ತ್ 1840ರಲ್ಲಿ ಗ್ಲಾಸ್ಗೋ ಸಭೆಯೊಂದರಲ್ಲಿ ಇದನ್ನೇ ವಿವರಿಸಿದ್ದ. ಎರಡು ಫಲಕಗಳು ಒಂದಕ್ಕೊಂದು ಹೊಂದಿದರೆ ಒಂದು ಉಬ್ಬು, ಇನ್ನೊಂದು ತಗ್ಗು ಆಗಿರಬಹುದು. ಮೂರು ಫಲಕಗಳು ಪರಸ್ಪರ ಹೊಂದಿದರೆ ಮೂರೂ ಸಮತಟ್ಟಾಗಿರಲೇಬೇಕು. ರೇಖಾಗಣಿತದಲ್ಲಿ ಇದಕ್ಕಿಂತ ಸುಂದರವಾದ ಸಾಧನೆಯನ್ನು ನಾನು ಪಾಠ ಮಾಡಿಲ್ಲ.

ನನ್ನ ಬೆಡ್ಡನ್ನು ಕೆರೆಯಲು ಮೇಸ್ತ್ರಿಗಳ ಭುಜದಲ್ಲಿ ಶಕ್ತಿಯಿಲ್ಲ, ನನಗೆ ವಿದ್ಯೆಯಿಲ್ಲ. ಹಾಗೆಯೇ ಬಿಟ್ಟೆ. 150 ಮಿ.ಮೀ. ಸರಳು ಕಡೆದರೆ ಎರಡು ತುದಿಗಳ ನಡುವೆ 0.04 ಮಿ.ಮೀ. ವ್ಯತ್ಯಾಸ ಬರುತ್ತದೆ. ಚಿಕ್ಕ ಕೆಲಸಗಳಿಗೆ ಅದು ತೊಂದರೆಯಲ್ಲ.

ಮುಂದಿನ ಪ್ರಶ್ನೆ ವಿದ್ಯುತ್ತಿನದು. ಲೈನ್ ಶಾಫ್ಟಿನ ಕಾಲ ಮುಗಿದ ಮೇಲೆ ಯಾರೋ ಈ ಲೇತಿಗೆ ಒಂದು ಅಶ್ವಶಕ್ತಿಯ ಮೂರು ಫೇಸಿನ ಮೋಟಾರು ಕೂರಿಸಿದ್ದರು. 1889ರಲ್ಲಿ ಡೊಲಿವೊ-ಡೊಬ್ರೊವೊಲ್ಸ್ಕಿ ರೂಪಿಸಿದ ಈ ಬಗೆಯ ಮೋಟಾರು ಸರಳತೆಗೆ ಮಾದರಿ. ಆದರೆ ನನ್ನ ಮನೆಗೆ ಬರುವುದು ಒಂದೇ ಫೇಸು. ಮೋಟಾರು ಬದಲಿಸುವ ಬದಲು, ಒಂದು ಫೇಸನ್ನು ಮೂರಾಗಿಸಿ ಕೊಡುವ ವಿ.ಎಫ್.ಡಿ. ಎಂಬ ಪುಟ್ಟ ಪೆಟ್ಟಿಗೆ ತಂದೆ. ಮೋಟಾರು 415 ವೋಲ್ಟಿನ ಸ್ಟಾರ್ ಜೋಡಣೆಯದು. ಅದನ್ನು ಡೆಲ್ಟಾಗೆ ಬದಲಿಸಿದರೆ ಬೇಕಾಗುವ ವೋಲ್ಟೇಜು 415 ಭಾಗಿಸು √3, ಸುಮಾರು 240. ಮನೆಯ ವಿದ್ಯುತ್ತಿಗೆ ಸರಿಹೊಂದಿತು. ಜೋಡಣೆಯನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಯಿಂದಲೇ ಮಾಡಿಸಿದೆ. ಆ ಪೆಟ್ಟಿಗೆಯೊಳಗೆ ಸ್ವಿಚ್ ಆರಿಸಿದ ಮೇಲೂ ಸ್ವಲ್ಪ ಹೊತ್ತು ಅಪಾಯಕಾರಿ ವೋಲ್ಟೇಜು ನಿಂತಿರುತ್ತದೆ.

ಅಷ್ಟಾದರೂ ಅನಾಹುತ ತಪ್ಪಲಿಲ್ಲ, ಅದು ನನ್ನದೇ ತಪ್ಪು. ಇಂಚಿನ ಲೀಡ್ ಸ್ಕ್ರೂವಿನಲ್ಲಿ ಮೆಟ್ರಿಕ್ ತಿರುಪು ಕಡೆಯುವಾಗ ಹಾಫ್ ನಟ್ಟನ್ನು ನಡುವೆ ಬಿಡುವಂತಿಲ್ಲ. ಬಿಟ್ಟರೆ ಉಳಿ ಮತ್ತೆ ಅದೇ ದಾರಿಗೆ ಬೀಳುವುದಿಲ್ಲ. ಪ್ರತಿ ಸಲವೂ ಉಳಿಯನ್ನು ಹೊರಗೆಳೆದು, ಮೋಟಾರನ್ನು ಹಿಮ್ಮುಖ ತಿರುಗಿಸಿ ಆರಂಭಕ್ಕೆ ಮರಳಬೇಕು. ನಾನು ಬೇಗ ಮುಗಿಸುವ ಆತುರದಲ್ಲಿ ಒಂದೇ ಸೆಕೆಂಡಿನಲ್ಲಿ ನಿಲ್ಲುವಂತೆ ಪೆಟ್ಟಿಗೆಗೆ ಆಜ್ಞೆ ಕೊಟ್ಟಿದ್ದೆ. ಈ ಲೇತಿನ ಚಕ್ ತಿರುಪಿನಿಂದ ಕೂರುವಂಥದು. ಸ್ಪಿಂಡಲ್ ತಟ್ಟನೆ ನಿಂತಿತು, ಚಕ್ ನಿಲ್ಲಲಿಲ್ಲ. ತನ್ನ ಭಾರದ ವೇಗದಲ್ಲಿ ತಾನೇ ಬಿಚ್ಚಿಕೊಂಡು ಬೆಡ್ಡಿನ ಮೇಲೆ ಬಿದ್ದು, ಅಲ್ಲಿಂದ ನನ್ನ ಕಾಲಿನಿಂದ ಒಂದು ಗೇಣು ದೂರಕ್ಕೆ ಉರುಳಿತು. ಬೆಡ್ಡಿನ ಅಂಚಿನ ಚೂರೊಂದು ಹಾರಿದ್ದು ಇಂದಿಗೂ ಹಾಗೆಯೇ ಇದೆ.

ಮೇಸ್ತ್ರಿಗಳು ಬಂದು ನೋಡಿ ಬೈಯಲಿಲ್ಲ. "ಅಡ್ಡ ಪಟ್ಟಾ ಜಾರಿ ಜಾರಿ ಹಿಡೀತಿತ್ತು ಮೇಷ್ಟ್ರೇ. ನಿಮ್ಮ ಪೆಟ್ಟಿಗೆ ಜಾರಲ್ಲ" ಎಂದಷ್ಟೇ ಹೇಳಿದರು. ದೊಡ್ಡಪ್ಪನ ತಲೆಯ ಮೇಲೆ ಸದ್ದು ಮಾಡುತ್ತಿದ್ದ ಆ ಚರ್ಮದ ಪಟ್ಟಾ ನನಗೆ ಅರ್ಥವಾದದ್ದು ಆಗ. ನಿಲ್ಲುವ ಸಮಯವನ್ನೂ ಹಿಮ್ಮುಖವಾಗಿ ಹೊರಡುವ ಸಮಯವನ್ನೂ 8 ಸೆಕೆಂಡಿಗೆ ಏರಿಸಿದೆ, ವೇಗವನ್ನು ಕನಿಷ್ಠಕ್ಕೆ ಇಳಿಸಿದೆ, ಚಕ್ಕಿನ ಕೆಳಗೆ ಒಂದು ಹಲಗೆ ಹಾಕಿದೆ.

ಮೊದಲ ಬೋಲ್ಟು ಮುಗಿಯಲು ಒಂದು ಮಧ್ಯಾಹ್ನವೇ ಬೇಕಾಯಿತು. ಗೇರುಗಳು 63 ಮತ್ತು 30, ಅವುಗಳೆದುರು 80 ಮತ್ತು 100. ಮೇಸ್ತ್ರಿಗಳು ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕುಳಿತು ಸದ್ದನ್ನಷ್ಟೇ ಕೇಳುತ್ತಿದ್ದರು. ಎರಡು ಸಲ "ಉಳಿ ಮಸೀರಿ" ಎಂದರು, ಎರಡು ಸಲವೂ ಉಳಿ ಮೊಂಡಾಗಿತ್ತು. ಕೊನೆಗೆ ಜೇಬಿನಿಂದ ಒಂದು ನಟ್ಟು ತೆಗೆದು ನನಗೆ ಕೊಟ್ಟರು. ಬರುವಾಗ ಅಂಗಡಿಯಲ್ಲಿ ಕೊಂಡು ತಂದಿದ್ದರಂತೆ. ಬೆರಳಲ್ಲಿ ತಿರುಗಿಸಿದೆ, ಮೊದಲ ಎರಡು ಸುತ್ತು ಸ್ವಲ್ಪ ಬಿಗಿ, ಆಮೇಲೆ ಕೊನೆಯವರೆಗೆ ಹೋಯಿತು.