ಬರ್ಗರ್ ಯಾರದು? ಹ್ಯಾಂಬರ್ಗ್‌ನಿಂದ ನಮ್ಮ ಹಂಚಿನವರೆಗೆ

ಚಿಕ್ಕೋಡಿ, ಅಥಣಿಯಂಥ ಊರುಗಳ ಬೇಕರಿಗಳಲ್ಲಿ ಖಾರಿ, ಟೋಸ್ಟಿನ ಪಕ್ಕದಲ್ಲಿ ಈಗ ಬರ್ಗರ್ ಕೂಡ ಕಾಣುತ್ತದೆ. ಮೊಬೈಲಿನಲ್ಲಿ ವಿಡಿಯೊ ನೋಡಿದ ಮಕ್ಕಳು ಮನೆಯಲ್ಲೂ ಅದನ್ನೇ ಕೇಳುತ್ತಾರೆ. ಮಾಡಿದರೆ ಟಿಕ್ಕಿ ಒಡೆಯುತ್ತದೆ, ಬನ್ ನೆನೆದು ಮೆತ್ತಗಾಗುತ್ತದೆ. "ಇದು ಪರದೇಶದ ತಿನಿಸು, ನಮ್ಮ ಕೈಗೆ ಒಗ್ಗುವುದಿಲ್ಲ" ಎಂದು ಅವ್ವಂದಿರು ಕೈಬಿಡುತ್ತಾರೆ. ಆದರೆ ಬರ್ಗರ್‌ನ ಇತಿಹಾಸ ನೋಡಿದರೆ, ಅದರ ಅರ್ಧ ಸಾಮಾನು ನಮ್ಮ ಅಡುಗೆಮನೆಗೆ ಬಂದು ನೂರಾರು ವರ್ಷಗಳಾಗಿವೆ. ಟಿಕ್ಕಿ ಯಾಕೆ ಒಡೆಯುತ್ತದೆ ಎಂಬುದಕ್ಕೂ ಅದೇ ಇತಿಹಾಸದಲ್ಲಿ ಉತ್ತರವಿದೆ.

ಹೆಸರು ಒಂದೂರಿನದು, ಕೆಲಸ ಇನ್ನೊಂದೂರಿನದು

ಹ್ಯಾಮ್ ಎಂದರೆ ಹಂದಿ ಮಾಂಸ, ಅದಕ್ಕೇ ಹ್ಯಾಂಬರ್ಗರ್ ಎಂದು ಕೆಲವರು ತಿಳಿದಿದ್ದಾರೆ. ಅದು ತಪ್ಪು. ಹ್ಯಾಂಬರ್ಗ್ ಜರ್ಮನಿಯ ಒಂದು ಬಂದರು ಊರು. 19ನೇ ಶತಮಾನದಲ್ಲಿ ಅಲ್ಲಿಂದ ಹಡಗು ಹತ್ತಿ ಅಮೆರಿಕಕ್ಕೆ ದುಡಿಯಲು ಹೋದವರು ಬಹಳ. ಕೊಚ್ಚಿದ ದನದ ಮಾಂಸವನ್ನು ತಟ್ಟಿ ಬೇಯಿಸುವ ತಿನಿಸಿಗೆ ಅಮೆರಿಕದಲ್ಲಿ ಆ ಊರಿನ ಹೆಸರು ಬಂತು. ಅದನ್ನು ಬ್ರೆಡ್ಡಿನ ನಡುವೆ ಇಟ್ಟು ಮಾರಿದ್ದು ಅಮೆರಿಕದವರು.

ನಮ್ಮ ಭಾಗದವರಿಗೆ ಇದು ಹೊಸ ಮಾತಲ್ಲ. ಅಥಣಿ, ನಿಪ್ಪಾಣಿ ಕಡೆಯ ಕುಶಲಕರ್ಮಿಗಳು ಹೊಲಿದ ಚಪ್ಪಲಿಯೂ ಪ್ಯಾಟಿಯಲ್ಲಿ ಕೊಲ್ಹಾಪುರಿ ಎಂದೇ ಮಾರಾಟವಾಗುತ್ತದೆ. 2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಭೌಗೋಳಿಕ ಗುರುತು ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ಬೆಳಗಾವಿಯೂ ಸೇರಿ ಕರ್ನಾಟಕದ ನಾಲ್ಕು ಜಿಲ್ಲೆಗಳಿಗೆ ಅದು ಸಂದಿತು.

ಒಳಗೆ ಏನಿದೆ ಎಂಬ ಅಂಜಿಕೆ

ಅಮೆರಿಕದಲ್ಲೂ ಜನ ಮೊದಲು ಬರ್ಗರ್ ನಂಬಲಿಲ್ಲ. 1906ರಲ್ಲಿ ಅಪ್ಟನ್ ಸಿಂಕ್ಲೇರ್ ಬರೆದ 'ದ ಜಂಗಲ್' ಕಾದಂಬರಿ ಶಿಕಾಗೊ ಕಸಾಯಿಖಾನೆಗಳ ಹೊಲಸನ್ನು ಬಯಲಿಗೆಳೆಯಿತು. ಅದೇ ವರ್ಷ ಅಲ್ಲಿ ಮಾಂಸ ತಪಾಸಣೆಯ ಕಾನೂನು ಬಂತು. ಕೊಚ್ಚಿದ ಮಾಂಸದಲ್ಲಿ ಏನು ಬೆರೆಸಿದ್ದಾರೋ ಎಂದು ಜನ ಹೆದರುತ್ತಿದ್ದರು.

1921ರಲ್ಲಿ ಕಾನ್ಸಾಸ್ ರಾಜ್ಯದ ವಿಚಿಟಾ ಊರಿನಲ್ಲಿ 'ವೈಟ್ ಕ್ಯಾಸಲ್' ಅಂಗಡಿ ಶುರುವಾಯಿತು. ಅವರು ಕಟ್ಟಡಕ್ಕೆ ಬಿಳಿ ಬಣ್ಣ ಬಳಿದರು, ಗಿರಾಕಿಯ ಕಣ್ಣೆದುರೇ ಬೇಯಿಸಿದರು, 5 ಸೆಂಟಿಗೆ ಒಂದರಂತೆ ಮಾರಿದರು. ಬರ್ಗರ್ ಗೆದ್ದದ್ದು ರುಚಿಯಿಂದ ಮಾತ್ರವಲ್ಲ, ನಂಬಿಕೆಯಿಂದ. ಎಷ್ಟು ಸಲ ಕಾಸಿದ ಎಣ್ಣೆಯೋ ಎಂದು ಗಾಡಿಯ ಮುಂದೆ ನಾವು ಅನುಮಾನಿಸುತ್ತೇವಲ್ಲ, ಅದೇ ಮಾತು. ಮನೆಯಲ್ಲಿ ಮಾಡಿದರೆ ಆ ಅಂಜಿಕೆ ಇಲ್ಲ.

ಹಡಗಿನಲ್ಲಿ ಬಂದ ಬಟಾಟಿ

1510ರಲ್ಲಿ ಪೋರ್ಚುಗೀಸರು ಬಿಜಾಪುರದ ಆದಿಲ್‌ಶಾಹಿಗಳಿಂದ ಗೋವಾ ಕಿತ್ತುಕೊಂಡರು. ಬಟಾಟಿ, ಮೆಣಸಿನಕಾಯಿ, ಟೊಮೆಟೊ, ಶೇಂಗಾ ನಾಲ್ಕೂ ಹುಟ್ಟಿದ್ದು ಅಮೆರಿಕ ಖಂಡದಲ್ಲಿ. ಪೋರ್ಚುಗೀಸರಂಥ ಹಡಗಿನ ವ್ಯಾಪಾರಿಗಳ ಮೂಲಕವೇ ಇವು ನಮ್ಮ ದೇಶಕ್ಕೆ ಬಂದವು. ಬೆಂಗಳೂರಿನ ಕಡೆ ಆಲೂಗಡ್ಡೆ ಎನ್ನುವುದನ್ನು ನಾವು ಬಟಾಟಿ ಎನ್ನುತ್ತೇವೆ. ಅದು ಪೋರ್ಚುಗೀಸರ 'ಬಟಾಟಾ'. ಕಾಲಿನಿಂದ ತುಳಿದು ನಾದುವುದಕ್ಕೆ ಪಾವ್ ಎಂದು ಹೆಸರಾಯಿತು ಎಂದು ತಮಾಷೆ ಮಾಡುತ್ತಾರೆ. ನಿಜದಲ್ಲಿ ಪಾವ್ ಎಂದರೆ ಅವರ ಮಾತಿನಲ್ಲಿ ಬ್ರೆಡ್ ಅಷ್ಟೇ. ಗೋವಾದಲ್ಲಿ ಹಿಟ್ಟು ಉಬ್ಬಿಸಲು ತೆಂಗಿನ ಸೇಂದಿ ಹಾಕುತ್ತಿದ್ದರು. ಗೋವಾದ ಬೇಕರಿಯವರೇ ಮುಂದೆ ಮುಂಬೈಯಲ್ಲೂ ಭಟ್ಟಿ ಹೂಡಿದರು.

ಆ ಮುಂಬೈಯಲ್ಲಿ, ದಾದರ್ ಸ್ಟೇಷನ್ ಹೊರಗೆ, 1966ರ ಹೊತ್ತಿಗೆ ಅಶೋಕ್ ವೈದ್ಯ ಎಂಬವರು ಬಟಾಟಿ ವಡೆಯನ್ನು ಪಾವ್ ನಡುವೆ ಇಟ್ಟು ಮಾರಿದರು ಎಂಬುದು ಎಲ್ಲರೂ ಹೇಳುವ ಕಥೆ. ಗಿರಣಿ ಕಾರ್ಮಿಕರಿಗೆ ತಾಟು ಬೇಡದ, ನಡೆಯುತ್ತಲೇ ತಿನ್ನುವ ಅಗ್ಗದ ಊಟ ಬೇಕಿತ್ತು. ರೊಟ್ಟಿಯಲ್ಲಿ ಝುಣಕ ಸುತ್ತಿಕೊಂಡು ಹೊಲದ ಬದುವಿನಲ್ಲಿ ತಿನ್ನುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇವತ್ತು ನಿಪ್ಪಾಣಿ, ಚಿಕ್ಕೋಡಿ ಕಡೆ ವಡಾಪಾವ್ ಗೊತ್ತಿಲ್ಲದವರು ಯಾರಿದ್ದಾರೆ?

1996ರಲ್ಲಿ ಮ್ಯಾಕ್‌ಡೊನಾಲ್ಡ್ಸ್ ಭಾರತಕ್ಕೆ ಬಂದಾಗ ದನದ ಮಾಂಸ, ಹಂದಿ ಮಾಂಸ ಎರಡನ್ನೂ ಬಿಟ್ಟಿತು. ಮುಂದೆ ಇಲ್ಲಿ ಅದರ ಹೆಸರು ನಡೆಸಿದ್ದು ಆಲೂ ಟಿಕ್ಕಿ ಬರ್ಗರ್. ಅಷ್ಟು ದೊಡ್ಡ ಕಂಪನಿಯೇ ನಮ್ಮ ಬಟಾಟಿಗೆ ಬಗ್ಗಿತು. ಅದರ ಬರ್ಗರ್‌ನ ನಕಲು ಮಾಡಲು ನಾವೇಕೆ ಒದ್ದಾಡಬೇಕು?

ಹಂಚಿನ ಮೇಲೆ

ಮಾಂಸ ಬೆಂದಾಗ ತಾನೇ ಬಿಗಿದು ಹಿಡಿದುಕೊಳ್ಳುತ್ತದೆ. ಬಟಾಟಿಗೆ ಆ ಗುಣವಿಲ್ಲ. ಮಾಂಸದ ಜಾಗಕ್ಕೆ ಬಟಾಟಿ ತಂದ ಮೇಲೆ ಟಿಕ್ಕಿ ಒಡೆಯಲು ಇದೇ ಕಾರಣ. ಬಟಾಟಿಯ ದೊಡ್ಡ ವೈರಿ ನೀರು.

ಸಿಪ್ಪೆ ಸಮೇತ ಕುದಿಸಿ, ಪೂರ್ತಿ ಆರಿದ ಮೇಲೆ ಹಿಸುಕಿ. ನಾಲ್ಕು ಬಟಾಟಿಗೆ ಎರಡು ಮೂರು ಚಮಚ ಪುಠಾಣಿ ಹಿಟ್ಟು ಅಥವಾ ಪುಡಿ ಮಾಡಿದ ತೆಳು ಅವಲಕ್ಕಿ ಸೇರಿಸಿ; ಅದು ನೀರು ಹೀರುತ್ತದೆ. ಉಪ್ಪು ಬಿದ್ದ ಉಳ್ಳಾಗಡ್ಡಿ ನೀರು ಬಿಡುತ್ತದೆ, ಆದ್ದರಿಂದ ಅವೆರಡನ್ನೂ ಕೊನೆಗೆ ಹಾಕಿ. ತಟ್ಟಿ, ಸಣ್ಣ ರವೆಯಲ್ಲಿ ಹೊರಳಿಸಿ, ಹಂಚಿನ ಮೇಲೆ ಸ್ವಲ್ಪ ಎಣ್ಣೆಯಲ್ಲಿ ಬೇಯಿಸಿ. ಕೆಳಗೆ ಕೆಂಪಾಗುವ ತನಕ ಮುಟ್ಟಬೇಡಿ.

ಮಾಂಸ ತಿನ್ನುವವರು ಮಟನ್ ಖೀಮಾ ಬಳಸಬಹುದು. ಅದನ್ನು ಬಹಳ ನಾದಬೇಡಿ, ಗಟ್ಟಿಯಾಗುತ್ತದೆ. ಬೆಂದಾಗ ಕುಗ್ಗುವುದರಿಂದ ಬನ್‌ಗಿಂತ ಸ್ವಲ್ಪ ಅಗಲ ತಟ್ಟಿ. ಕೊಚ್ಚುವಾಗ ಮೇಲಿನ ಸೂಕ್ಷ್ಮಜೀವಿಗಳು ಒಳಗೂ ಬೆರೆಯುತ್ತವೆ, ಹಾಗಾಗಿ ನಡುವಿನವರೆಗೂ ಪೂರ್ತಿ ಬೇಯಲೇಬೇಕು.

ಬನ್ ಸೀಳಿ, ಒಳಮೈಗೆ ಬೆಣ್ಣೆ ಸವರಿ ಹಂಚಿನಲ್ಲಿ ಕೆಂಪಗೆ ಮಾಡಿ. ರಸ ಬೇಗ ಇಳಿಯುವುದಿಲ್ಲ. ಟೊಮೆಟೊ ಹೋಳಿನ ನೀರನ್ನು ಅರಿವೆಯಿಂದ ಒರೆಸಿ. ಬಾಟಲಿಯ ಸಾಸ್ ಬದಲು ಶೇಂಗಾ ಹಿಂಡಿಯನ್ನು ಗಟ್ಟಿ ಮೊಸರಿನಲ್ಲಿ ಕಲಸಿ ಹಚ್ಚಿ.

ಶೇಂಗಾ ಹಿಂಡಿಯನ್ನು ಇವತ್ತು ಯಾರೂ ಪರದೇಶದ್ದು ಎನ್ನುವುದಿಲ್ಲ. ಶೇಂಗಾವೂ ಖಾರವೂ ಸಮುದ್ರ ದಾಟಿ ಬಂದವೇ. ಅವನ್ನು ನಮ್ಮದು ಮಾಡಿದ್ದು ಒರಳಿನ ಮುಂದೆ ಕೂತು ಕುಟ್ಟಿದ ಹೆಣ್ಣುಮಕ್ಕಳ ಕೈ. ಬರ್ಗರ್ ಆ ಕೈಗೆ ದೊಡ್ಡ ಮಾತಲ್ಲ.