ಒಳ್ಳೆಯ ಆಡಳಿತಕ್ಕೆ ವಿದುರಾಶ್ವತ್ಥ ಕೇಳಿದ ಪ್ರಶ್ನೆ

ಬೆಂಗಳೂರಿನಿಂದ ಹಿಂದೂಪುರದತ್ತ ಹೋಗುವ ರೈಲುಮಾರ್ಗದಲ್ಲಿ ಗೌರಿಬಿದನೂರು ದಾಟಿದ ಮೇಲೆ ವಿದುರಾಶ್ವತ್ಥ ಸಿಗುತ್ತದೆ. ಉತ್ತರ ಪಿನಾಕಿನಿಯ ದಂಡೆಯ ಈ ಊರಿಗೆ ಹೆಸರು ಬಂದದ್ದು, ಮಹಾಭಾರತದ ವಿದುರ ನೆಟ್ಟನೆಂದು ಜನ ನಂಬುವ ಅಶ್ವತ್ಥ ಮರದಿಂದ. ಆ ಹಳೆಯ ಮರ 2001ರಲ್ಲಿ ಉರುಳಿತು. ಹರಕೆ ಹೊತ್ತವರು ಪ್ರತಿಷ್ಠೆ ಮಾಡಿಸಿದ ನಾಗರಕಲ್ಲುಗಳು ಮಾತ್ರ ಸಾವಿರಗಟ್ಟಲೆ ನಿಂತಿವೆ. 1938ರ ಏಪ್ರಿಲ್ 25ರಂದು, ಜಾತ್ರೆಗೆ ಜನ ನೆರೆದಿದ್ದ ಕಾಲದಲ್ಲಿ, ಇಲ್ಲಿ ತ್ರಿವರ್ಣ ಧ್ವಜ ಹಾರಿಸಲು ಸೇರಿದವರ ಮೇಲೆ ಮೈಸೂರು ಸಂಸ್ಥಾನದ ಪೊಲೀಸರು ಗುಂಡು ಹಾರಿಸಿದರು. ಸತ್ತವರು 10 ಮಂದಿ ಎಂದು ಸರ್ಕಾರ ಹೇಳಿತು. 32 ಮಂದಿ ಎಂದು ಕಾಂಗ್ರೆಸ್ ಹೇಳಿತು.

ಈ ಘಟನೆಯನ್ನು ‘ಕರ್ನಾಟಕದ ಜಲಿಯನ್‌ವಾಲಾಬಾಗ್’ ಎಂದು ಕರೆಯುವುದು ವಾಡಿಕೆ. ಸತ್ತವರ ಗೌರವಕ್ಕೆ ಆ ಹೆಸರು ಸಲ್ಲುವಂಥದೇ. ಆದರೆ ಈ ಹೋಲಿಕೆ ಒಂದು ಮುಖ್ಯ ವ್ಯತ್ಯಾಸವನ್ನು ಮರೆಸಿಬಿಡುತ್ತದೆ. ಅಮೃತಸರದಲ್ಲಿ ಗುಂಡು ಹಾರಿಸಲು ಆಜ್ಞೆ ಕೊಟ್ಟವನು ಪರಕೀಯ ಪ್ರಭುತ್ವದ ಸೇನಾಧಿಕಾರಿ. ವಿದುರಾಶ್ವತ್ಥದಲ್ಲಿ ಗುಂಡು ಹಾರಿಸಿದ್ದು ನಮ್ಮವರದೇ ಆದ ಸರ್ಕಾರ. ಅದೂ ದೇಶಕ್ಕೆಲ್ಲ ‘ಮಾದರಿ ಸಂಸ್ಥಾನ’ ಎಂದು ಹೆಸರಾದ, ಪ್ರಜೆಗಳು ಬಹುಮಟ್ಟಿಗೆ ಮೆಚ್ಚಿಕೊಂಡಿದ್ದ ಸರ್ಕಾರ.

ಆ ಮೆಚ್ಚುಗೆಗೆ ಕಾರಣಗಳಿದ್ದವು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು, 1905ರಲ್ಲಿ ಬೆಂಗಳೂರಿನ ಬೀದಿದೀಪ, 1913ರಲ್ಲಿ ಮೈಸೂರು ಬ್ಯಾಂಕು, 1916ರಲ್ಲಿ ವಿಶ್ವವಿದ್ಯಾನಿಲಯ ಬಂದವು. ಇವುಗಳಲ್ಲಿ ಕೊನೆಯೆರಡನ್ನು ಕಟ್ಟಿದ ದಿವಾನರು ಚಿಕ್ಕಬಳ್ಳಾಪುರದ ಪಕ್ಕದ ಮುದ್ದೇನಹಳ್ಳಿಯವರಾದ ಎಂ. ವಿಶ್ವೇಶ್ವರಯ್ಯನವರು. ಅದೇ ತಾಲ್ಲೂಕಿನ ನಂದಿ ಬೆಟ್ಟದಲ್ಲಿ ಗಾಂಧೀಜಿ 1927ರಲ್ಲೂ 1936ರಲ್ಲೂ ಆರೋಗ್ಯ ಸುಧಾರಣೆಗಾಗಿ ತಂಗಿದ್ದರು. ಮೈಸೂರನ್ನು ‘ರಾಮರಾಜ್ಯ’ ಎಂದು ಹೊಗಳಿದ ಮಾತು ಅವರ ಹೆಸರಿನೊಂದಿಗೇ ಸೇರಿಕೊಂಡಿದೆ. ನಾಲ್ವಡಿ ಕೃಷ್ಣರಾಜ ಒಡೆಯರು ಸಜ್ಜನರು. 1926ರಿಂದ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್ ದಕ್ಷರು. ಇಂಥ ರಾಜ್ಯದಲ್ಲಿ ಜನಕ್ಕೆ ಇನ್ನೇನು ಬೇಕಿತ್ತು?

ಅವರಿಗೆ ಬೇಕಿದ್ದುದು ‘ಜವಾಬ್ದಾರಿ ಸರ್ಕಾರ’. ಈ ಪದವನ್ನು ಇಂದು ನಾವು ಅಷ್ಟಾಗಿ ಬಳಸುವುದಿಲ್ಲ. ಅದರ ಅರ್ಥವೇನೋ ಸರಳ: ಆಳುವವರು ಜನ ಆರಿಸಿದ ಸಭೆಗೆ ಉತ್ತರ ಹೇಳಬೇಕು, ಆ ಸಭೆ ಬೇಡವೆಂದರೆ ಇಳಿಯಬೇಕು. ಮೈಸೂರಿನಲ್ಲಿ ಸಭೆಗಳಿಗೇನೂ ಕೊರತೆಯಿರಲಿಲ್ಲ. ರಂಗಾಚಾರ್ಲು ಅವರು 1881ರಲ್ಲಿಯೇ 144 ಸದಸ್ಯರ ಪ್ರಜಾಪ್ರತಿನಿಧಿ ಸಭೆಯನ್ನು ಕೂಡಿಸಿದ್ದರು. 1907ರಲ್ಲಿ ನ್ಯಾಯವಿಧಾಯಕ ಸಭೆಯೂ ಬಂತು. ಪ್ರತಿನಿಧಿಗಳು ದಸರೆಗೆ ಬಂದು ಕೆರೆಯ ತೂಬು, ಕಂದಾಯ, ರಸ್ತೆಗಳ ಬಗ್ಗೆ ಅಹವಾಲು ಹೇಳಬಹುದಿತ್ತು. ದಿವಾನರು ಕೇಳಿಸಿಕೊಳ್ಳುತ್ತಿದ್ದರು, ಎಷ್ಟೋ ಸಲ ನಡೆಸಿಯೂ ಕೊಡುತ್ತಿದ್ದರು. ಆದರೆ ಅವರನ್ನು ನೇಮಿಸುವುದಾಗಲಿ ತೆಗೆಯುವುದಾಗಲಿ ಸಭೆಯ ಕೈಯಲ್ಲಿರಲಿಲ್ಲ. 1918ರಲ್ಲಿ ವಿಶ್ವೇಶ್ವರಯ್ಯನವರು ಪದವಿ ಬಿಟ್ಟಾಗಲೂ ಅದು ಅರಸರಿಗೂ ದಿವಾನರಿಗೂ ನಡುವಿನ ವಿಷಯವಾಗಿಯೇ ಉಳಿಯಿತು. ಕೆಟ್ಟ ದಿವಾನರನ್ನು ಇಳಿಸುವ ಅಧಿಕಾರ ಇಲ್ಲದ ಜನಕ್ಕೆ ಒಳ್ಳೆಯ ದಿವಾನರನ್ನು ಉಳಿಸಿಕೊಳ್ಳುವ ಅಧಿಕಾರವೂ ಇರಲಿಲ್ಲ.

ಇದೇ ಕಾಲದಲ್ಲಿ ಯೂರೋಪಿನಲ್ಲಿ ವಾದ ತಿರುವುಮುರುವಾಗಿ ನಡೆದಿತ್ತು. ಅಲ್ಲಿ ಉತ್ತರ ಹೇಳಬೇಕಾದ ಸರ್ಕಾರಗಳು ಆಗಲೇ ಇದ್ದವು. ಅವು ಬರೀ ಮಾತಿನ ಮಂಟಪಗಳು, ಕೆಲಸ ಮಾಡಿ ತೋರಿಸುವ ಗಟ್ಟಿಗ ನಾಯಕನೊಬ್ಬ ಬೇಕು ಎಂಬ ಕೂಗು ಎದ್ದಿತ್ತು. ಜರ್ಮನಿಯಲ್ಲಿ 1932ರ ನವೆಂಬರ್ ಚುನಾವಣೆಯ ನಂತರ ಹಿಟ್ಲರನ ಪಕ್ಷದ ಬಲ 196 ಸ್ಥಾನ. ಸೋಷಿಯಲ್ ಡೆಮಾಕ್ರಟರು ಮತ್ತು ಕಮ್ಯುನಿಸ್ಟರದು ಸೇರಿದರೆ 221. ಆದರೆ ಅವರು ಸೇರಲಿಲ್ಲ. ಹಿಟ್ಲರನಿಗಿಂತ ಹೆಚ್ಚಾಗಿ ಒಬ್ಬರನ್ನೊಬ್ಬರು ದ್ವೇಷಿಸುತ್ತ ಕುಳಿತರು. 1933ರ ಜನವರಿ 30ರಂದು ಆತ ಪ್ರಧಾನಿಯಾದದ್ದು ಕ್ರಾಂತಿ ಮಾಡಿಯಲ್ಲ, ಅಧ್ಯಕ್ಷರ ನೇಮಕದಿಂದ. ಮಾರ್ಚ್ 23ರಂದು ಸಂಸತ್ತು ತನ್ನ ಅಧಿಕಾರವನ್ನೆಲ್ಲ ಅವನಿಗೆ ಒಪ್ಪಿಸುವ ಕಾಯಿದೆಗೆ ಮತ ಹಾಕಿದಾಗ ಬೇಡವೆಂದವರು 94 ಮಂದಿ ಸೋಷಿಯಲ್ ಡೆಮಾಕ್ರಟರು ಮಾತ್ರ. ಕಮ್ಯುನಿಸ್ಟರು ಅಷ್ಟರೊಳಗೆ ಸೆರೆಯಲ್ಲೋ ತಲೆಮರೆಸಿಕೊಂಡೋ ಇದ್ದರು.

ಪಕ್ಕದ ಪುಟ್ಟ ಬೆಲ್ಜಿಯಂ ಬೇರೆ ದಾರಿ ಹಿಡಿಯಿತು. ಲಿಯೋನ್ ದೆಗ್ರೆಲ್ ಎಂಬಾತನ ಪಕ್ಷ 1936ರಲ್ಲಿ ದಿಢೀರನೆ 21 ಸ್ಥಾನ ಗೆದ್ದಿತ್ತು. ಮರುವರ್ಷದ ಏಪ್ರಿಲ್‌ನಲ್ಲಿ ಆತ ಬ್ರಸೆಲ್ಸ್‌ನ ಉಪಚುನಾವಣೆಗೆ ತಾನೇ ನಿಂತ. ಕೆಥೊಲಿಕರು, ಲಿಬರಲರು, ಸಮಾಜವಾದಿಗಳು, ಕೊನೆಗೆ ಕಮ್ಯುನಿಸ್ಟರೂ ತಂತಮ್ಮ ಹಳೆಯ ಜಗಳ ಬದಿಗಿಟ್ಟು ಒಬ್ಬನೇ ಎದುರಾಳಿಯಾಗಿ ಪ್ರಧಾನಿ ವಾನ್ ಝೀಲಂಡರನ್ನು ನಿಲ್ಲಿಸಿದರು. ದೆಗ್ರೆಲ್‌ಗೆ ಬಂದದ್ದು ಶೇಕಡಾ 19ರಷ್ಟು ಮತ. ಆಮೇಲೆ ಅವನ ಪಕ್ಷ ಇಳಿಮುಖವಾಯಿತು.

ಬ್ರಸೆಲ್ಸ್‌ನಲ್ಲಿ ಇದು ನಡೆದ ಅದೇ 1937ರಲ್ಲಿ ನಮ್ಮ ಮೈಸೂರಿನಲ್ಲೂ ಒಂದು ಕೂಡಿಕೆ ಆಯಿತು. ಅದು ನಮ್ಮ ಇತಿಹಾಸದಲ್ಲಿ ಸಲ್ಲಬೇಕಾದಷ್ಟು ಗಮನ ಪಡೆದಿಲ್ಲ. ಅಲ್ಲಿಯವರೆಗೆ ಸಂಸ್ಥಾನದ ರಾಜಕೀಯ ಎರಡು ಹೋಳಾಗಿತ್ತು. ಒಂದು ಕಡೆ ಪಟ್ಟಣದ ವಕೀಲರು, ಪತ್ರಕರ್ತರೇ ಹೆಚ್ಚಾಗಿದ್ದ, ಬ್ರಾಹ್ಮಣರ ಪಕ್ಷವೆಂದು ಹಲವರು ಸಂಶಯಪಡುತ್ತಿದ್ದ ಕಾಂಗ್ರೆಸ್. ಇನ್ನೊಂದು ಕಡೆ 1917ರ ಪ್ರಜಾಮಿತ್ರ ಮಂಡಳಿಯಿಂದ ಬೆಳೆದುಬಂದ ಬ್ರಾಹ್ಮಣೇತರರ ಪಕ್ಷಗಳು. ಇವುಗಳ ಬೇರು ಒಕ್ಕಲುಮಕ್ಕಳ ಹಳ್ಳಿಗಳಲ್ಲಿತ್ತು. ಇವು ನೌಕರಿಯಲ್ಲಿ ಪಾಲಿಗಾಗಿ ಅರಮನೆಯ ಕೃಪೆಯನ್ನೇ ನೆಚ್ಚಿದ್ದವು. ಇಬ್ಬರೂ ಜಗಳವಾಡುತ್ತಿರುವವರೆಗೆ ದಿವಾನರ ಕೆಲಸ ಸುಲಭ. 1937ರಲ್ಲಿ ಪ್ರಜಾಸಂಯುಕ್ತ ಪಕ್ಷ ಕಾಂಗ್ರೆಸ್ಸಿನೊಂದಿಗೆ ಒಂದಾಯಿತು. ಕೋಲಾರ ಸೀಮೆಯ ಕ್ಯಾಸಂಬಳ್ಳಿಯ ಕೆ.ಸಿ. ರೆಡ್ಡಿ ಅವರಂಥವರು ಈ ದಾರಿಯಿಂದಲೇ ಬಂದರು. ಮೀಸಲಾತಿಯ ವಿಷಯದಲ್ಲಿ ಭಿನ್ನಾಭಿಪ್ರಾಯ ಹಾಗೇ ಉಳಿದಿರಬಹುದು. ಆದರೆ ಸರ್ಕಾರ ಉತ್ತರ ಹೇಳಬೇಕು ಎಂಬ ಒಂದು ಮಾತಿನಲ್ಲಿ ಒಮ್ಮತವಾಯಿತು. ಹಳ್ಳಿಗಳು ಚಳವಳಿಗೆ ಬಂದದ್ದು ಆಮೇಲೆಯೇ.

1938ರ ಫೆಬ್ರವರಿಯ ಹರಿಪುರ ಅಧಿವೇಶನದಲ್ಲಿ ಅಖಿಲ ಭಾರತ ಕಾಂಗ್ರೆಸ್, ಸಂಸ್ಥಾನಗಳ ಹೋರಾಟದ ಹೊರೆಯನ್ನು ಅಲ್ಲಿನ ಜನರೇ ಹೊರಬೇಕೆಂದು ನಿರ್ಣಯಿಸಿತು. ಏಪ್ರಿಲ್‌ನಲ್ಲಿ ಮದ್ದೂರಿನ ಬಳಿಯ ಶಿವಪುರದಲ್ಲಿ ಟಿ. ಸಿದ್ಧಲಿಂಗಯ್ಯನವರ ಅಧ್ಯಕ್ಷತೆಯಲ್ಲಿ ಮೈಸೂರು ಕಾಂಗ್ರೆಸ್ ಅಧಿವೇಶನ ಸೇರಿ, ನಿಷೇಧಾಜ್ಞೆ ಮುರಿದು ಧ್ವಜವೇರಿಸಿತು. ನಾಯಕರ ಬಂಧನವಾಯಿತು. ಒಂದು ಬಟ್ಟೆಯ ತುಂಡಿಗಾಗಿ ಇಷ್ಟೊಂದು ಗಲಾಟೆಯೇ ಎಂದು ಇಂದಿನವರಿಗೆ ಅನಿಸೀತು. ಆದರೆ ಗಂಡಭೇರುಂಡದ ಬಾವುಟವೊಂದೇ ಹಾರಬೇಕು ಎಂಬುದರ ಅರ್ಥ, ಈ ನೆಲದಲ್ಲಿ ಅಧಿಕಾರದ ಮೂಲ ಒಂದೇ, ಅದು ಅರಮನೆ ಎಂಬುದು. ಇನ್ನೊಂದು ಬಾವುಟ ಏರಿದರೆ ಜನರೂ ಒಂದು ಮೂಲ ಎಂದು ಒಪ್ಪಿದಂತೆ. ಸರ್ಕಾರಕ್ಕೂ ಜನಕ್ಕೂ ಇದು ಚೆನ್ನಾಗಿಯೇ ಅರ್ಥವಾಗಿತ್ತು.

ಶಿವಪುರದ ಸುದ್ದಿ ಎರಡು ವಾರದೊಳಗೆ ಗೌರಿಬಿದನೂರು ಸೀಮೆಗೆ ಮುಟ್ಟಿತು. ವಿದುರಾಶ್ವತ್ಥದಲ್ಲಿ ಸಭೆ ಕೂಡದೆಂದು ಆಜ್ಞೆ ಹೊರಟಿತು. ಜನ ಆದರೂ ಸೇರಿದರು. ಸೇರಿದವರು ಹೆಚ್ಚಾಗಿ ಸುತ್ತಿನ ಹಳ್ಳಿಗಳ ರೈತರು, ಕೂಲಿಕಾರರು, ಜಾತ್ರೆಗೆ ಬಂದವರು. ಮನೆಯಲ್ಲಿ ತೆಲುಗು, ಪೇಟೆಯಲ್ಲಿ ಕನ್ನಡ ಆಡುವ ಗಡಿನಾಡಿನ ಮಂದಿ. ಲಾಠಿ ಬೀಸಲಾಯಿತು, ಕಲ್ಲು ಬಿದ್ದವು, ಗೋಲೀಬಾರು ನಡೆಯಿತು.

ಗಾಂಧೀಜಿಗೆ ಸುದ್ದಿ ಮುಟ್ಟಿದಾಗ ಅವರು ಪೊಲೀಸರನ್ನಷ್ಟೇ ಬೈದು ಸುಮ್ಮನಾಗಲಿಲ್ಲ. ಮಹಾರಾಜರೂ ದಿವಾನರೂ ನಿರಂಕುಶಾಧಿಕಾರವನ್ನು ಬಿಟ್ಟು ಜನಪ್ರತಿನಿಧಿಗಳಿಗೆ ಹೊಣೆ ವಹಿಸುವುದೇ ಸತ್ತವರಿಗೆ ತಕ್ಕ ಪರಿಹಾರವೆಂಬ ಅರ್ಥದ ಹೇಳಿಕೆ ಕೊಟ್ಟರು. ರಾಮರಾಜ್ಯವೆಂದು ಹೊಗಳಿದವರ ಬಾಯಿಂದ ಬಂದ ಮಾತಿದು. ಮೇ ತಿಂಗಳಲ್ಲಿ ಸರ್ದಾರ್ ಪಟೇಲರೂ ಆಚಾರ್ಯ ಕೃಪಲಾನಿಯವರೂ ಬೆಂಗಳೂರಿಗೆ ಬಂದರು. ಪಟೇಲ್–ಮಿರ್ಜಾ ಒಪ್ಪಂದವಾಯಿತು. ಮೈಸೂರು ಕಾಂಗ್ರೆಸ್ಸಿಗೆ ಮಾನ್ಯತೆ ಸಿಕ್ಕಿತು, ಸತ್ಯಾಗ್ರಹಿಗಳ ಬಿಡುಗಡೆಯಾಯಿತು, ವಿಶೇಷ ಸಂದರ್ಭಗಳಲ್ಲಿ ಎರಡು ಬಾವುಟಗಳೂ ಜೊತೆಯಾಗಿ ಹಾರುವುದೆಂದಾಯಿತು. ಜವಾಬ್ದಾರಿ ಸರ್ಕಾರ ಮಾತ್ರ ಬರಲಿಲ್ಲ. 1940ರ ಸುಧಾರಣೆಗಳೂ ದಿವಾನರನ್ನು ಸಭೆಗೆ ಉತ್ತರ ಹೇಳುವವರನ್ನಾಗಿ ಮಾಡಲಿಲ್ಲ. ಸ್ವಾತಂತ್ರ್ಯ ಬಂದ ಮೇಲೆಯೂ, 1947ರ ಸೆಪ್ಟೆಂಬರ್‌ನಲ್ಲಿ ‘ಮೈಸೂರು ಚಲೋ’ ನಡೆಯಬೇಕಾಯಿತು. ಅಕ್ಟೋಬರ್‌ನಲ್ಲಿ ಕೆ.ಸಿ. ರೆಡ್ಡಿ ಮುಖ್ಯಮಂತ್ರಿಯಾದರು.

ಕಥೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. 1975ರ ಜೂನ್‌ನಲ್ಲಿ ಚುನಾಯಿತ ಸರ್ಕಾರವೇ ತುರ್ತು ಪರಿಸ್ಥಿತಿ ಹೇರಿತು. ಸಂಸದೀಯ ಸಮಿತಿಯ ಕೆಲಸಕ್ಕೆ ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಆಡ್ವಾಣಿ, ಮಧು ದಂಡವತೆ ಅವರನ್ನು ಇಲ್ಲಿಯೇ ಬಂಧಿಸಲಾಯಿತು. ನಟಿ ಸ್ನೇಹಲತಾ ರೆಡ್ಡಿ ಬೆಂಗಳೂರಿನ ಸೆರೆಮನೆಯಲ್ಲಿ ನರಳಿ, ಬಿಡುಗಡೆಯಾದ ಸ್ವಲ್ಪ ದಿನಕ್ಕೆ, 1977ರ ಜನವರಿಯಲ್ಲಿ ತೀರಿಕೊಂಡರು. ಎರಡು ತಿಂಗಳ ನಂತರ ಚುನಾವಣೆ ಬಂದಾಗ ಉತ್ತರ ಭಾರತ ಇಂದಿರಾ ಗಾಂಧಿಯವರನ್ನು ಕಿತ್ತೊಗೆಯಿತು. ಕರ್ನಾಟಕ? ಇಲ್ಲಿನ 28 ಸ್ಥಾನಗಳಲ್ಲಿ 26 ಕಾಂಗ್ರೆಸ್ಸಿಗೇ ಹೋದವು.

ಇದನ್ನು ಅಜ್ಞಾನವೆಂದು ತಳ್ಳಿಹಾಕುವುದು ಅನ್ಯಾಯ. 1974ರ ಮಾರ್ಚ್‌ನಿಂದ ಜಾರಿಗೆ ಬಂದಿದ್ದ ದೇವರಾಜ ಅರಸರ ಭೂಸುಧಾರಣೆ ಗೇಣಿದಾರನಿಗೆ ಹೊಲದ ಹಕ್ಕು ತಂದಿತ್ತು. ಉತ್ತರದ ಬಲವಂತದ ಸಂತಾನಹರಣದ ಕಾವು ಇಲ್ಲಿ ಅಷ್ಟಾಗಿ ತಟ್ಟಿರಲಿಲ್ಲ. ಹೊಲ ಸಿಕ್ಕವನಿಗೆ, ಪತ್ರಿಕೆಗಳ ಬಾಯಿ ಕಟ್ಟಿದ್ದು ದೂರದ ಮಾತು. ಮಿರ್ಜಾ ಅವರ ಕಾಲದ ಪ್ರಶ್ನೆಯೇ ಬೇರೆ ವೇಷದಲ್ಲಿ ಬಂದಿತ್ತು: ಕೆಲಸ ಮಾಡಿಕೊಡುವ ಸರ್ಕಾರ ಉತ್ತರವನ್ನೂ ಕೊಡಬೇಕೇ? 1938ರಲ್ಲಿ ಹಳ್ಳಿಗರು ಹೌದೆಂದಿದ್ದರು. 1977ರಲ್ಲಿ ಆ ಮಾತಿಗೆ ಇಲ್ಲಿ ಅಷ್ಟು ಬಲ ಬರಲಿಲ್ಲ. ಪೋಲೆಂಡಿನಲ್ಲೂ 2015ರಿಂದ ಎಂಟು ವರ್ಷ ಇದೇ ತೂಗಾಟ ನಡೆಯಿತು. ಮಕ್ಕಳಿರುವ ಮನೆಗಳಿಗೆ ತಿಂಗಳ ಭತ್ಯ ಕೊಟ್ಟ ಸರ್ಕಾರವೇ ನ್ಯಾಯಾಲಯಗಳ ಮೇಲೆ ಕೈಯಿಟ್ಟಿತು. 2023ರ ಅಕ್ಟೋಬರ್‌ನಲ್ಲಿ ಶೇಕಡಾ 74ರಷ್ಟು ಮತದಾರರು ಬಂದು, ಮೂರು ಗುಂಪುಗಳಾಗಿ ನಿಂತ ವಿರೋಧಿಗಳಿಗೆ ಒಟ್ಟಾಗಿ ಬಹುಮತ ಕೊಟ್ಟರು. ಭತ್ಯವನ್ನು ಕೀಳುವುದಿಲ್ಲ ಎಂದು ವಿರೋಧಿಗಳು ಮೊದಲೇ ಹೇಳಿದ್ದರೆಂಬುದನ್ನೂ ಮರೆಯಬಾರದು.

ಗೌರಿಬಿದನೂರು ತಾಲ್ಲೂಕಿನವರೇ ಆದ ಒಬ್ಬರನ್ನು ಇಲ್ಲಿ ನೆನೆಯಬೇಕು. ಹೊಸೂರಿನ ಬಡ ಮನೆಯಲ್ಲಿ 1920ರಲ್ಲಿ ಹುಟ್ಟಿದ ಎಚ್. ನರಸಿಂಹಯ್ಯ ಓದುವ ಆಸೆಗೆ ಬೆಂಗಳೂರಿಗೆ ನಡೆದುಕೊಂಡೇ ಬಂದರು. 1942ರಲ್ಲಿ ಕಾಲೇಜು ಬಿಟ್ಟು ಸೆರೆಮನೆಗೆ ಹೋದರು. ಮುಂದೆ ಅಮೆರಿಕದಲ್ಲಿ ಭೌತವಿಜ್ಞಾನದ ಡಾಕ್ಟರೇಟ್ ಪಡೆದು ಮರಳಿದರು. ಅದೇ ತುರ್ತು ಪರಿಸ್ಥಿತಿಯ ದಿನಗಳಲ್ಲಿ, 1976ರಲ್ಲಿ, ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಯಾಗಿ ಅವರು ಪವಾಡಗಳ ಪರೀಕ್ಷೆಗೆ ಸಮಿತಿ ರಚಿಸಿದರು. ಆ ಹೊತ್ತಿನಲ್ಲಿ ಅದು ಬಾಬಾಗಳ ವಿಷಯವೆಂದಷ್ಟೇ ಕಂಡಿತು. ದೊಡ್ಡವರು ಹೇಳಿದರೆಂದು ಒಪ್ಪಬೇಕಿಲ್ಲ, ತೋರಿಸಿ ಎಂದು ಕೇಳಬಹುದು ಎಂಬ ಹಟ ಅವರಲ್ಲಿ ಹೊಸದೇನೂ ಆಗಿರಲಿಲ್ಲ. ಬಸವನಗುಡಿಯ ನ್ಯಾಷನಲ್ ಕಾಲೇಜಿನ ವಿದ್ಯಾರ್ಥಿನಿಲಯದ ಕೋಣೆಯೊಂದರಲ್ಲೇ ಅವರು 2005ರವರೆಗೂ ಬಾಳಿದರು. ತಮ್ಮ ಸೀಮೆಯನ್ನೂ ಮರೆಯಲಿಲ್ಲ: ಗೌರಿಬಿದನೂರಿಗೂ ಬಾಗೇಪಲ್ಲಿಗೂ ನ್ಯಾಷನಲ್ ಕಾಲೇಜುಗಳು ಬಂದದ್ದು ಅವರ ಓಡಾಟದಿಂದ. ವಿದುರಾಶ್ವತ್ಥದ ಸುತ್ತಿನ ಹಳ್ಳಿಗಳ ಎಷ್ಟೋ ಮನೆಗಳಲ್ಲಿ ಮೊದಲ ಪದವೀಧರರು ಆ ಬೆಂಚುಗಳ ಮೇಲೆ ಕುಳಿತು ಹೋದವರು.