ವಿಳಾಸ ಮುಚ್ಚಿಟ್ಟ ಮನೆಗಳು

ಅಂತರ್ಜಾಲದ ಇತಿಹಾಸದಲ್ಲಿ ಕಟ್ಟಿದವರ ಕತೆಗೆ ಅಧ್ಯಾಯಗಳಿವೆ, ಕಾಪಾಡಿದವರದ್ದು ಅಡಿಟಿಪ್ಪಣಿ. ನನ್ನನ್ನು ಕಾಡುವುದು ಆ ಅಡಿಟಿಪ್ಪಣಿಯೊಳಗಿನ ಎರಡು ಸೆಪ್ಟೆಂಬರ್‌ಗಳು. ನಡುವೆ 20 ವರ್ಷ.

1996ರ ಸೆಪ್ಟೆಂಬರ್ 6ರಂದು, ನ್ಯೂಯಾರ್ಕಿನಲ್ಲಿ ಅಂತರ್ಜಾಲ ಸಂಪರ್ಕ ಒದಗಿಸುತ್ತಿದ್ದ ಪ್ಯಾನಿಕ್ಸ್ ಎಂಬ ಸಣ್ಣ ಸಂಸ್ಥೆಯ ಮೇಲೆ ದಾಳಿ ಶುರುವಾಯಿತು. ಯಾರೂ ಒಳನುಗ್ಗಲಿಲ್ಲ, ಏನೂ ಕದಿಯಲಿಲ್ಲ. ಒಂದು ಕಂಪ್ಯೂಟರ್ ‘ಬರಲೇ?’ ಎಂದು ಕೇಳಿದರೆ ಸರ್ವರ್ ‘ಬಾ’ ಎಂದು ಹೇಳಿ, ಹೆಸರು ಬರೆದಿಟ್ಟುಕೊಂಡು ಕಾಯುತ್ತದೆ. ದಾಳಿಕೋರರು ಸುಳ್ಳು ವಿಳಾಸಗಳಿಂದ ಬರೀ ‘ಬರಲೇ?’ ಕಳಿಸುತ್ತಲೇ ಹೋದರು. ಪಟ್ಟಿ ತುಂಬಿತು, ನಿಜವಾಗಿ ಬಂದವರಿಗೆ ಜಾಗವಿಲ್ಲ.

ಅದೇ ತಿಂಗಳು ಡೇನಿಯಲ್ ಬರ್ನ್‌ಸ್ಟೈನ್ ‘ಸಿನ್ ಕುಕಿ’ ಎಂಬ ಉಪಾಯ ಸೂಚಿಸಿದರು. ಸರ್ವರ್ ಏನನ್ನೂ ಬರೆದಿಟ್ಟುಕೊಳ್ಳುವುದು ಬೇಡ; ಬೇಕಾದ ಗುರುತನ್ನು ಒಂದು ಸಂಖ್ಯೆಯೊಳಗೆ ಅಡಗಿಸಿ, ಚೀಟಿಯಂತೆ ಬಂದವನ ಕೈಗೇ ಕೊಟ್ಟುಬಿಡಲಿ. ಚೀಟಿ ಹಿಡಿದು ಮರಳಿದವನಿಗೆ ಮಾತ್ರ ಬಾಗಿಲು. ಎಷ್ಟು ಸರಳ! ಉಪಾಯ ಲಿನಕ್ಸ್ ಸೇರಿತು, ಕಾಸಿಲ್ಲದೆ ಸಣ್ಣವರಿಗೂ ದಕ್ಕಿತು.

2016ರ ಸೆಪ್ಟೆಂಬರ್ 20ರ ಗುರಿ, ಸೈಬರ್ ಅಪರಾಧಗಳ ಬಗ್ಗೆ ಬರೆಯುವ ಅಮೆರಿಕದ ಪತ್ರಕರ್ತ ಬ್ರಯಾನ್ ಕ್ರೆಬ್ಸ್ ಒಬ್ಬರೇ ನಡೆಸುವ ಜಾಲತಾಣ. ಸೆಕೆಂಡಿಗೆ ಸುಮಾರು 620 ಗಿಗಾಬಿಟ್‌ಗಳ ಪ್ರವಾಹ. ಅದನ್ನು ಹರಿಸಿದ್ದು ಮಿರಾಯ್ ಎಂಬ ಕುತಂತ್ರಾಂಶದ ವಶವಾಗಿದ್ದ ಮನೆ-ಅಂಗಡಿಗಳ ಕ್ಯಾಮೆರಾ, ರೂಟರ್‌ಗಳು. ಕಾರ್ಖಾನೆ ಕೊಟ್ಟ ಪಾಸ್‌ವರ್ಡನ್ನು ಯಾರೂ ಬದಲಿಸದೆ ಬಿಟ್ಟಂಥವು. ಬರುವ ದಾರಿಯೇ ತುಂಬಿಹೋದರೆ ಬಾಗಿಲಲ್ಲಿ ಚೀಟಿ ಕೊಟ್ಟು ಏನು ಪ್ರಯೋಜನ? ಉಚಿತವಾಗಿ ಕಾಯುತ್ತಿದ್ದ ಅಕಮಾಯ್ ಕಂಪನಿ ದಾಳಿಯನ್ನು ತಡೆಯಿತು. ಆದರೆ ಹಣ ಕೊಡುವ ಗ್ರಾಹಕರಿಗೆ ತೊಂದರೆಯಾಗತೊಡಗಿದಾಗ ಕ್ರೆಬ್ಸ್‌ಗೆ ಜಾಗ ಖಾಲಿ ಮಾಡಲು ಹೇಳಿತು. ಅಂಥ ರಕ್ಷಣೆ ಕೊಳ್ಳಲು ವರ್ಷಕ್ಕೆ ಒಂದೂವರೆಯಿಂದ ಎರಡು ಲಕ್ಷ ಡಾಲರ್ ಬೇಕೆಂದು ಅವರೇ ಬರೆದರು. ಕೆಲವು ದಿನ ಕಾಣೆಯಾಗಿದ್ದ ತಾಣ ಮರಳಿದ್ದು ಪತ್ರಕರ್ತರಿಗೆಂದು ಗೂಗಲ್ ನಡೆಸುವ ‘ಪ್ರಾಜೆಕ್ಟ್ ಶೀಲ್ಡ್’ ಆಸರೆಯಲ್ಲಿ.

ಪಾಳೆಯಗಾರರು ವಿಜಯನಗರಕ್ಕೆ ಕಪ್ಪ ಕೊಟ್ಟು ಬಾಳಿದ್ದನ್ನು ಓದಿದವರಿಗೆ ಇದು ಹೊಸ ಕತೆಯಲ್ಲ. 1996ರಲ್ಲಿ ರಕ್ಷಣೆಯೆಂದರೆ ಹಂಚಿಕೊಂಡ ಜ್ಞಾನ, 2016ರಲ್ಲಿ ದೊಡ್ಡವರ ನೆರಳು. ನೆರಳು ಕೊಟ್ಟವರು ಅದನ್ನು ಎಳೆದುಕೊಳ್ಳಲೂಬಹುದು. ಕ್ರೆಬ್ಸ್ ಬಲಿಷ್ಠರ ವಿರುದ್ಧ ಬರೆಯುವವರು, ಹಾಗಾಗಿ ಇದು ಬರೀ ತಂತ್ರಜ್ಞಾನದ ಮಾತಾಗಿ ನನಗೆ ಕಾಣುವುದಿಲ್ಲ.

ಇಂದು ಪುಟ್ಟ ತಾಣ ನಡೆಸುವವರೂ ಇಂಥದೇ ಯಾವುದಾದರೂ ಮಧ್ಯವರ್ತಿಯ ಹಿಂದೆ ಸರ್ವರ್ ಅಡಗಿಸುತ್ತಾರೆ. ಓದುಗರಿಗೆ ಕಾಣುವುದು ಮಧ್ಯವರ್ತಿಯ ವಿಳಾಸ. ಅಸಲಿ ಸರ್ವರ್ ಅವನಿಂದ ಬಂದದ್ದನ್ನಷ್ಟೇ ಒಳಗೆ ಬಿಡುವಂತೆ ಫೈರ್‌ವಾಲ್ ಹಾಕಬೇಕು. ಅಡಗಿದ ಮೇಲೆ ವಿಳಾಸವನ್ನೂ ಬದಲಿಸಲೇಬೇಕು. ಯಾಕೆಂದರೆ ಹಿಂದಿನ ವಿಳಾಸ ಹಳೆಯ ಡಿಎನ್‌ಎಸ್ ದಾಖಲೆಗಳಲ್ಲಿ ಉಳಿದಿರುತ್ತದೆ, ಮತ್ತು ಹಳೆಯ ದಾಖಲೆ ಕೆದಕುವವರು ನನ್ನಂಥ ಸಂಶೋಧಕರಷ್ಟೇ ಅಲ್ಲ.